ಆಯುಧ ಪೂಜೆಗೆ ಕಂಪ್ಯೂಟರ್ ತೊಳೆದೆ

ಈ ಸಲದ ಆಯುಧ ಪೂಜೆಗೆ ಮನೆಯ ಕಂಪ್ಯೂಟರನ್ನು ಒಳಗಿನಿಂದಲೇ ತೊಳೆದುಬಿಡಬೇಕು! ಹೀಗೆಂದು ನಾನು ಶಪಥ ಮಾಡಿದ್ದು ಪೂಜೆಯ ದಿನ ಬೆಳಗ್ಗೆ ಎಂಟು ಗಂಟೆಗೆ, ಒಂದು ಕೈಯಲ್ಲಿ ಬೈಕ್ ತೊಳೆದ ಒದ್ದೆ ಬಟ್ಟೆ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. ಬೈಕನ್ನು ಯಾರು ಬೇಕಾದರೂ ತೊಳೆಯಬಹುದು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೈ ಹಾಕಿ ತೊಳೆಯಲು ಓದಿರಬೇಕು. ನಾನು ಓದಿದ್ದೇನೆ!

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಂದರೆ, ಆಗ ಜಂಬಕ್ಕೇ ಹೇಳಿದ್ದು. ಸಾಸಲು ಹೋಬಳಿಯ ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲ ಜೀವಿ ನಾನು. ಕರಿ ಗೌನು ತೊಟ್ಟು, ಟೋಪಿ ಇಟ್ಟು ತೆಗೆಸಿದ ನನ್ನ ಬಿ.ಸಿ.ಎ. ಫೋಟೋ ದೊಡ್ಡಬಳ್ಳಾಪುರದ ನಮ್ಮ ಬಾಡಿಗೆ ಮನೆಯ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಇದೆ. ಬದುಕಿರುವವರ ಫೋಟೋಗೆ ಹಾರ ಹಾಕಬಾರದೆಂದು ಯಾರೋ ಹೇಳಿದ ಮೇಲೆ ನಮ್ಮಮ್ಮ ಗಂಗಲಕ್ಷ್ಮಮ್ಮ ಒಂದೇ ಒಂದು ಸೇವಂತಿಗೆಯನ್ನು ಚೌಕಟ್ಟಿನ ಮೂಲೆಗೆ ಸಿಕ್ಕಿಸಿ ಸಮಾಧಾನ ಪಟ್ಟುಕೊಳ್ಳುತ್ತಾಳೆ.

ಕೆಲಸ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ. ಅಲ್ಲಿ ನನಗೆ ಸ್ಕ್ರಿಪ್ಟ್ ಬರೆಯುವ ಹುಚ್ಚು ಹತ್ತಿತು. ಸ್ಕ್ರಿಪ್ಟ್ ಎಂದರೆ ಮತ್ತೇನಲ್ಲ, ಅಂಗಡಿಗೆ ಸಾಮಾನಿನ ಚೀಟಿ ಕಳಿಸಿದ ಹಾಗೆ ಕಂಪ್ಯೂಟರಿಗೆ ಕೆಲಸದ ಚೀಟಿ ಬರೆದುಕೊಡುವುದು. ಇದನ್ನು ಎತ್ತು, ಅಲ್ಲಿ ಇಡು, ಹೆಸರು ಬದಲಿಸು ಎಂದು ನಾಲ್ಕು ಸಾಲು ಬರೆದು ಒಂದು ಗುಂಡಿ ಒತ್ತಿದರೆ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸೊಯ್ಯನೆ ಮೇಲಕ್ಕೆ ಹಾರುತ್ತವೆ. ನಾನು ಮೂರು ದಿನ ಕೂತು ಮಾಡುವ ಕೆಲಸ ಎರಡು ಸೆಕೆಂಡಿನಲ್ಲಿ ಮುಗಿದಿರುತ್ತದೆ! ಮೊದಲ ಸಲ ಅದನ್ನು ನೋಡಿದಾಗ ನನಗೆ ಅರಿವಿಲ್ಲದೆ ಕೈ ಜೋಡಿಸಿದ್ದೆ. ಪಕ್ಕದ ಕುರ್ಚಿಯ ಮನೋಹರ್, "ಗುರು, ಮಂಗಳಾರತಿ ಯಾವಾಗ?" ಅಂದಿದ್ದ.

ಅಂದಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಕಲಿತದ್ದನ್ನೆಲ್ಲ ಬರೆದಿಡುತ್ತಾ ಬಂದಿದ್ದೇನೆ. ಪ್ರಿಂಟರ್ ಹಟ ಮಾಡಿದರೆ ಏನು ಮಾಡುವುದು, ಪಾಸ್‌ವರ್ಡ್ ಮರೆತ ಮೇಲಧಿಕಾರಿಗೆ ಬೇಸರವಾಗದಂತೆ ಹೇಗೆ ಹೇಳುವುದು, ಹೊಸ ಕಂಪ್ಯೂಟರಿಗೆ ಕನ್ನಡ ಅಕ್ಷರ ಹಾಕುವುದು ಹೇಗೆ, ಎಲ್ಲವೂ ಅದರಲ್ಲಿದೆ. ಹದಿನಾಲ್ಕನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಹೀಗಿದೆ: 'ಮೊದಲು ಕಾಪಿ ತೆಗೆದಿಡು. ಆಮೇಲೆ ಕೆಲಸಕ್ಕೆ ಕೈ ಹಾಕು.' ಈ ಸಾಲು ನನಗೆ ಎಷ್ಟು ಹಿಡಿಸಿತ್ತೆಂದರೆ, ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ಆಫೀಸಿನ ಗೋಡೆಗೂ ಅಂಟಿಸಿದ್ದೆ. ಬೇರೆಯವರು ಓದಲಿ ಎಂದು.

ಇನ್ನು ಮನೆಯ ಕಂಪ್ಯೂಟರಿನ ವಿಷಯ. ಅದು ನನ್ನದಲ್ಲ, ನನ್ನ ಹೆಂಡತಿ ಚೈತ್ರಳದು. ಅವಳು ಪಿ.ಯು.ಸಿ. ಓದಿದವಳು. ಮುಂದಿನ ಕೋಣೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎಂಬ್ರಾಯ್ಡರಿ ಮೆಷಿನ್ ಇಟ್ಟುಕೊಂಡು ಮದುವೆ ಬ್ಲೌಸು, ಶಾಲೆಯ ಬ್ಯಾಡ್ಜು, ಕಾರ್ಖಾನೆ ಅಂಗಿಯ ಮೇಲಿನ ಅಕ್ಷರ, ಏನು ಕೊಟ್ಟರೂ ಹೊಲಿದುಕೊಡುತ್ತಾಳೆ. ಕಂಪ್ಯೂಟರಿನಲ್ಲಿರುವ ಡಿಸೈನನ್ನು ಪೆನ್‌ಡ್ರೈವಿಗೆ ಹಾಕಿ ಮೆಷಿನ್ನಿಗೆ ಚುಚ್ಚಿದರೆ ಅದು ಟಕಟಕ ಎಂದು ಹೊಲಿಯುತ್ತದೆ. ಹಳೆಯ ಮೆಷಿನ್, ಅದರ ಅಂಗೈಯಗಲದ ಪರದೆಯಲ್ಲಿ ಡಿಸೈನಿನ ಹೆಸರು ಕಾಣುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಆದ್ದರಿಂದ ಹೆಸರೇ ಎಲ್ಲ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಆ ಬೆಳಗ್ಗೆ ಅವಳು ಮೆಷಿನ್ ಮುಂದೆ ಕೂತು ದೇವನಹಳ್ಳಿಯ ವರಲಕ್ಷ್ಮಮ್ಮನವರ ಮಗಳು ಅಕ್ಷತಳ ನಿಶ್ಚಿತಾರ್ಥದ ಬ್ಲೌಸಿನ ಎಡ ತೋಳು ಮುಗಿಸುತ್ತಿದ್ದಳು.

"ಚೈತ್ರ, ಪೂಜೆಗೆ ಮುಂಚೆ ಕಂಪ್ಯೂಟರ್ ಕ್ಲೀನ್ ಮಾಡಿಬಿಡ್ತೀನಿ ಕಣೇ."

"ಮಾಡ್ರೀ, ಪುಣ್ಯ ಬರುತ್ತೆ," ಅಂದಳು ಸೂಜಿಯಿಂದ ಕಣ್ಣೆತ್ತದೆ. "ಒದ್ದೆ ಬಟ್ಟೆ ಬೇಡ, ಒಣ ಬಟ್ಟೇಲಿ ಒರೆಸಿ."

ಒಣ ಬಟ್ಟೆ! ಬಿ.ಸಿ.ಎ. ಪದವೀಧರನ ಕೈಗೆ ಒಣ ಬಟ್ಟೆ! ನಾನು ಒಳಗೊಳಗೇ ನಕ್ಕು ಡಿಸೈನುಗಳ ಫೋಲ್ಡರ್ ತೆರೆದೆ. ತೆರೆದವನು ಹೌಹಾರಿದೆ. ಒಂದು ಸಾವಿರದ ನೂರ ನಲವತ್ತಾರು ಫೈಲುಗಳು. ಅವುಗಳ ಹೆಸರುಗಳನ್ನು ಕೇಳಿ! ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: 'ಇದೇ ಸರಿ', 'ಇದೇ ಸರಿ 2', 'ಇದಲ್ಲ', 'ಅಯ್ಯೋ', 'ಬೇಡ', 'ಬೇಡ ಆದ್ರೂ ಇರ್ಲಿ', 'ಅನಸೂಯ ನಾದಿನಿ ಕತ್ತು', 'ಹನುಮಂತರಾಯಪ್ಪ ಸೊಸೆ ಬೆನ್ನು'. ನಮ್ಮ ಸ್ಟೋರ್ಸಿನಲ್ಲಿ ಒಂದು ಬೋಲ್ಟಿಗೂ ಹನ್ನೆರಡು ಅಂಕಿಯ ಸಂಖ್ಯೆ ಇದೆ. ನನ್ನ ಮನೆಯಲ್ಲಿ, ನನ್ನ ಸೂರಿನಡಿಯಲ್ಲಿ, ಹನುಮಂತರಾಯಪ್ಪನ ಸೊಸೆಯ ಬೆನ್ನು!

ಸ್ಕ್ರಿಪ್ಟ್ ಬರೆಯಲು ಹದಿನೈದು ನಿಮಿಷ ಹಿಡಿಯಿತು. ಎಲ್ಲ ಫೈಲುಗಳ ಹೆಸರು ತೆಗೆದು 0001, 0002, 0003 ಎಂದು ಶಿಸ್ತಾಗಿ ಸಾಲು ನಿಲ್ಲಿಸುವುದು. ನಾನೇನು ದಡ್ಡನಲ್ಲ, ಯಾವ ಹಳೆ ಹೆಸರಿಗೆ ಯಾವ ಹೊಸ ಸಂಖ್ಯೆ ಬಂತು ಎಂದು ಒಂದು ಪಟ್ಟಿಯನ್ನೂ ಬರೆದಿಡುವಂತೆ ಚೀಟಿಯಲ್ಲಿ ಸೇರಿಸಿದೆ. ಕಾಪಿ ತೆಗೆದಿಡಬೇಕೆಂಬ ಹದಿನಾಲ್ಕನೆಯ ಪುಟ ನೆನಪಾಯಿತು, ನಿಜ. ಆದರೆ ಪಟ್ಟಿ ಇದೆಯಲ್ಲ! ಜೊತೆಗೆ ಅಮ್ಮ ಹೊರಗಿನಿಂದ, "ಕೆಂಪ, ಬೂದುಗುಂಬಳಕಾಯಿ ಎಲ್ಲಿ ಇಟ್ಟಿದ್ದೀಯಾ?" ಎಂದು ಕೂಗುತ್ತಿದ್ದಳು.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಶಿಸ್ತು ಒಂದು ದಿನದ್ದಾಗಬಾರದು ಎಂಬುದು ನನ್ನ ನಂಬಿಕೆ. ಕಂಪ್ಯೂಟರ್ ಆನ್ ಆದಾಗಲೆಲ್ಲ ಸ್ಕ್ರಿಪ್ಟ್ ತಾನಾಗಿಯೇ ಓಡುವಂತೆ ಏರ್ಪಾಡು ಮಾಡಿದೆ. ಕೆಲಸ ಮುಗಿದ ಮೇಲೆ 'ನಮಸ್ಕಾರ ಕೆಂಪರಾಜ್, ಎಲ್ಲವೂ ಶುಚಿ' ಎಂದು ಪರದೆಯ ಮೇಲೆ ಮೂಡುವ ಹಾಗೂ ಮಾಡಿದೆ. ಯಾರಾದರೂ ಹಾಗೆ ಹೇಳಲಿ ಎಂದು ಬಹಳ ದಿನಗಳ ಆಸೆಯಿತ್ತು.

ಗುಂಡಿ ಒತ್ತಿದೆ. ಬಿಳಿ ಅಕ್ಷರಗಳು ಹಾರಿದವು. ಎರಡೇ ಸೆಕೆಂಡು! 'ನಮಸ್ಕಾರ ಕೆಂಪರಾಜ್, ಎಲ್ಲವೂ ಶುಚಿ.' ಪಟ್ಟಿ ತೆರೆದು ನೋಡಿದೆ. 'ಅಯ್ಯೋ' ಎಂಬುದು 0058 ಆಗಿತ್ತು. ಅಯ್ಯೋ ಎಂಬ ಉದ್ಗಾರಕ್ಕೂ ಒಂದು ಸಂಖ್ಯೆ ಕೊಟ್ಟ ಈ ಯಂತ್ರದ ಮುಂದೆ ಮನುಷ್ಯನೆಷ್ಟರವನು ಎಂದು ಮೈ ಜುಮ್ಮೆಂದಿತು. ಅಷ್ಟರಲ್ಲಿ ಚೈತ್ರ ಎಡ ತೋಳು ಮುಗಿಸಿ ಮೆಷಿನ್ ಆರಿಸಿ, ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು. ಅದೇ ಹುಮ್ಮಸ್ಸಿನಲ್ಲಿ ಪೆನ್‌ಡ್ರೈವನ್ನೂ ತೊಳೆದೆ. ಅಂದರೆ, ಖಾಲಿ ಮಾಡಿದೆ.

ಹನ್ನೊಂದಕ್ಕೆ ಪೂಜೆ. ಕಂಪ್ಯೂಟರಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮೆಷಿನ್ನಿಗೆ ಬಾಳೆಕಂದು. ಕತ್ತರಿ, ಟೇಪು, ಬೈಕಿನ ಕೀ, ಅಮ್ಮನ ಈಳಿಗೆಮಣೆ, ನನ್ನ ನೋಟ್‌ಬುಕ್ಕು, ಚೈತ್ರಳ ಒಂದು ದಪ್ಪ ಹಳೆ ಪುಸ್ತಕ, ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡು ಹೂವು. ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ, ಒಬ್ಬಟ್ಟಿನ ಊಟಕ್ಕೆ ಕೂತೆವು. ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಾನು ವಿಷಯಕ್ಕೆ ಬಂದೆ.

"ಚೈತ್ರ, ನಿನ್ನ ಕಂಪ್ಯೂಟರ್ ಈಗ ಹೆಂಗಿದೆ ಗೊತ್ತಾ? ಸಾವಿರದ ನೂರ ನಲವತ್ತಾರು ಫೈಲು, ಒಂದೂ ಮುಂದೆ ಹಿಂದೆ ಇಲ್ಲ. ಸೊನ್ನೆ ಸೊನ್ನೆ ಸೊನ್ನೆ ಒಂದರಿಂದ ಶುರು!"

ತುಪ್ಪದ ಚಮಚ ಗಾಳಿಯಲ್ಲೇ ನಿಂತಿತು.

"ಹೆಸರು?"

"ಹೆಸರೆಲ್ಲ ತೆಗೆದೆ. ಅದೇನು ಹೆಸರೇ ಅವು? 'ಬೇಡ' ಅಂತ ಹೆಸರಿಟ್ಟು ಮತ್ತೆ ಯಾಕೆ ಇಟ್ಕೊಂಡಿದ್ದೆ?"

"ರೀ, 'ಬೇಡ' ಅಂದ್ರೆ ಎಲ್ಲಾರೂ ಮೊದಲು ಬೇಡ ಅಂದು, ಆಮೇಲೆ ವಾಪಸ್ ಬಂದು ಅದೇ ಬೇಕು ಅನ್ನೋ ಡಿಸೈನು!" ಚಮಚ ಈಗ ನನ್ನ ಮೂಗಿನ ನೇರಕ್ಕಿತ್ತು. "ಅಕ್ಷತನ ಬ್ಲೌಸು ಒಂದೇ ತೋಳು ಆಗಿರೋದು ಕಣ್ರೀ! ಎಡಗೈಗೆ ಗಂಡು ನವಿಲು, ಬಲಗೈಗೆ ಹೆಣ್ಣು ನವಿಲು. ಅವಳು ಕೈ ಮುಗಿದಾಗ ಎರಡೂ ಒಂದರ ಮುಖ ಒಂದು ನೋಡ್ಬೇಕು ಅಂತ ಹೇಳಿ ಮಾಡಿಸ್ತಾ ಇದಾಳೆ. ನಾಡಿದ್ದು ನಿಶ್ಚಿತಾರ್ಥ. ನಾಳೆ ಒಂದು ಗಂಟೆಗೆ ವರಲಕ್ಷ್ಮಮ್ಮ ಬಟ್ಟೆ ಇಸ್ಕೊಂಡು ಟೈಲರ್‌ಗೆ ಕೊಡ್ಬೇಕು. ಪೆನ್‌ಡ್ರೈವಲ್ಲಾದ್ರೂ ಇದ್ಯಲ್ಲ, ಸದ್ಯ."

ನಾನು ಒಬ್ಬಟ್ಟನ್ನು ನಿಧಾನವಾಗಿ ಅಗಿದೆ.

"ಪೆನ್‌ಡ್ರೈವ್ ಏನ್ಮಾಡಿದ್ರಿ?"

"ಅದನ್ನೂ... ತೊಳೆದೆ."

ಚೈತ್ರ ಎದ್ದೇಬಿಟ್ಟಳು, ಎಂಜಲು ಕೈಯಲ್ಲೇ, ಕಂಪ್ಯೂಟರಿನ ಕಡೆಗೆ. ಅಮ್ಮ ಅಡ್ಡ ನಿಂತಳು.

"ಮುಟ್‌ಬ್ಯಾಡ ಕಣಮ್ಮ! ಪೂಜೆ ಆದ ಆಯುಧ ನಾಳೆವರ್ಗೂ ಮುಟ್ಟಂಗಿಲ್ಲ. ನಿಮ್ಮ ಮಾವ ಇದ್ದಾಗ ಈ ದಿನ ಕಳೆ ಕೀಳೋ ಕುರ್ಪಿನೂ ಮುಟ್ತಿರ್ಲಿಲ್ಲ."

"ಅತ್ತೆ, ಒಂದು ನಿಮಿಷ ಅಷ್ಟೇ..."

"ಒಂದು ನಿಮಿಷನೂ ಇಲ್ಲ. ಅದೂ ದಣಿದಿರ್ತದೆ. ಸುಮ್ಕೆ ಮಲಗ್ಲಿ."

ನಾನು ಎದೆಯುಬ್ಬಿಸಿ ಮಧ್ಯೆ ಬಂದೆ. "ಯಾಕೆ ಗಾಬರಿ? ಹಳೆ ಹೆಸರಿನ ಪಟ್ಟಿ ಮಾಡಿಟ್ಟಿದ್ದೀನಿ. ನಾಳೆ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿ, ಆ ಪಟ್ಟಿ ಕೊಟ್ಟು ಹಿಂದಕ್ಕೆ ಓಡಿಸಿದ್ರೆ ಎರಡೇ ಸೆಕೆಂಡು. ನಂಬು ನನ್ನ."

"ಪಟ್ಟಿ ಇದೆಯಾ? ಕಣ್ಣಾರೆ ನೋಡಿದ್ರಾ?"

"ನೋಡಿದೆ ಕಣೇ. 'ಅಯ್ಯೋ' ಐವತ್ತೆಂಟನೇದು."

ಅವಳು ನನ್ನನ್ನು ನಂಬಿದಳು. ಇವತ್ತಿಗೂ ನನಗೆ ಅತಿ ಹೆಚ್ಚು ನಾಚಿಕೆಯಾಗುವುದು ಅದನ್ನು ನೆನೆದಾಗಲೇ.

ವಿಜಯದಶಮಿಯ ಬೆಳಗ್ಗೆ ಏಳಕ್ಕೆ ಮರುಪೂಜೆ ಮುಗಿಯಿತು. ಅಮ್ಮ ಕರ್ಪೂರ ಹಚ್ಚಿ, "ಹೂಂ, ಈಗ ಮುಟ್ಟಪ್ಪ," ಎಂದು ಅಪ್ಪಣೆ ಕೊಟ್ಟಳು. ನಾನು ಶರ್ಟಿನ ತೋಳು ಮಡಿಚಿ ಕಂಪ್ಯೂಟರ್ ಆನ್ ಮಾಡಿದೆ. ಚೈತ್ರ ಬೆನ್ನ ಹಿಂದೆ, ಅವಳ ಹಿಂದೆ ಅಮ್ಮ. ಪರದೆ ಬೆಳಗಿತು. ಮರುಕ್ಷಣವೇ ಒಂದು ಕಪ್ಪು ಕಿಟಕಿ ತೆರೆದು, ಬಿಳಿ ಅಕ್ಷರಗಳು ಸೊಯ್ಯನೆ ಹಾರಿ ಹೋದವು.

'ನಮಸ್ಕಾರ ಕೆಂಪರಾಜ್, ಎಲ್ಲವೂ ಶುಚಿ.'

"ನೋಡಮ್ಮ, ನಮಸ್ಕಾರ ಅಂತೈತೆ!" ಅಮ್ಮನಿಗೆ ಕಣ್ಣು ತುಂಬಿ ಬಂತು.

ನಾನು ಪಟ್ಟಿ ತೆರೆದೆ.

'0001 ಎಂಬುದು 0001 ಆಯಿತು. 0002 ಎಂಬುದು 0002 ಆಯಿತು. 0003 ಎಂಬುದು 0003 ಆಯಿತು.'

ಕೆಳಗೆ ಇಳಿಸಿದೆ. ಇನ್ನೂ ಕೆಳಗೆ. ಸಾವಿರದ ನೂರ ನಲವತ್ತಾರು ಸಾಲುಗಳು, ಒಂದಕ್ಕೊಂದು ಸಾಕ್ಷಿ ನುಡಿಯುತ್ತಾ ನಿಂತಿದ್ದವು. ಆನ್ ಆದಾಗಲೆಲ್ಲ ಓಡು ಎಂದು ನಾನೇ ಹೇಳಿದ್ದೆ, ಅದು ಓಡಿತ್ತು. ಹಳೆ ಹೆಸರು ಬರೆದಿಡು ಎಂದು ನಾನೇ ಹೇಳಿದ್ದೆ. ನಿನ್ನೆಯ ಪಟ್ಟಿಯನ್ನು ಅಳಿಸಿ ಅದರ ಮೇಲೆ ಇವತ್ತಿನದನ್ನು ಬರೆದಿತ್ತು. ಇವತ್ತಿನ ಹಳೆ ಹೆಸರು ಯಾವುದು? ನಿನ್ನೆಯ ಹೊಸ ಹೆಸರು! ಎಂಥ ವಿಧೇಯತೆ! ಒಂದು ಅಕ್ಷರ ತಪ್ಪಿಲ್ಲ! ನನ್ನ ಸರ್ವನಾಶವನ್ನು ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿರಲಿಲ್ಲ.

ಚೈತ್ರಳಿಗೆ ವಿವರಿಸಿದೆ. ಅಮ್ಮ ಅಂದಳು: "ಅಂದ್ರೆ, ಗಂಗಲಕ್ಷ್ಮಮ್ಮಂಗೆ ಗಂಗಲಕ್ಷ್ಮಮ್ಮ ಅಂತ ನಾಮಕರಣ ಮಾಡಿದಂಗಾಯ್ತಲ್ಲೋ ಮಗ. ಇದ್ಕೆ ಅಷ್ಟು ಓದ್ಬೇಕಿತ್ತಾ?"

ಹಿತ್ತಲಿಗೆ ಹೋಗಿ ಮನೋಹರನಿಗೆ ಫೋನ್ ಮಾಡಿದೆ.

"ಗುರು, ಕಾಪಿ ಇದ್ಯಾ?" ಅಂದ.

"ಇಲ್ಲ ಕಣೋ."

"ಒಂದು ನಿಮಿಷ. ಆಫೀಸ್ ಗೋಡೆ ಮೇಲೆ ಅಂಟಿಸಿದ್ದು ನೀನೇ ಅಲ್ವಾ?"

"ನಾನೇ."

ಅವನು ಫೋನನ್ನು ದೂರ ಹಿಡಿದು ನಕ್ಕದ್ದು ಇಲ್ಲಿಯವರೆಗೂ ಕೇಳಿಸಿತು. "ಒಂದೊಂದೇ ತೆರೆದು ನೋಡು ಗುರು, ಬೇರೆ ದಾರಿ ಇಲ್ಲ," ಅಂದ ಕೊನೆಗೆ.

ಒಂದೊಂದೇ ತೆರೆಯುವುದೇ? ಡಿಸೈನಿನ ಚಿತ್ರ ನೋಡಬೇಕಾದರೆ ಚೈತ್ರಳ ಸಾಫ್ಟ್‌ವೇರಿನಲ್ಲೇ ತೆರೆಯಬೇಕು. ನಮ್ಮ ಮುದಿ ಕಂಪ್ಯೂಟರಿನಲ್ಲಿ ಒಂದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಸಾವಿರದ ನೂರ ನಲವತ್ತಾರು ನಿಮಿಷ! ಮದುವೆಯೇ ಮುಗಿದು ಹೋದೀತು. ಇರಲಿ, ತರ್ಕವಿದೆಯಲ್ಲ ನನ್ನ ಬಳಿ! ಫೈಲುಗಳಿಗೆ ಸಂಖ್ಯೆ ಬಿದ್ದದ್ದು ಇಂಗ್ಲಿಷ್ ಅಕ್ಷರಗಳ ಸರದಿಯಲ್ಲಿ. ನವಿಲು 'ಎನ್' ಅಕ್ಷರದ್ದು. 'ಎನ್' ಇಪ್ಪತ್ತಾರರಲ್ಲಿ ಹದಿನಾಲ್ಕನೆಯದು. ಕಾಗದದ ಮೇಲೆ ಗುಣಿಸಿ ಭಾಗಿಸಿದೆ. 0617! ಅದೇ ನವಿಲು, ಸಂಶಯವೇ ಇಲ್ಲ. ಕಂಪ್ಯೂಟರಿನಲ್ಲಿ ತೆರೆದು ನೋಡುವ ಸಹನೆ ಯಾರಿಗಿದೆ? ಪೆನ್‌ಡ್ರೈವಿಗೆ ಹಾಕಿ ನೇರ ಮೆಷಿನ್ನಿಗೆ ಚುಚ್ಚಿದೆ.

"ರೀ, ಬ್ಲೌಸ್ ಮೇಲೆ ಬೇಡ!" ಚೈತ್ರ ಓಡಿ ಬಂದು ಒಂದು ಹಳೆ ಲೈನಿಂಗ್ ತುಂಡನ್ನು ಚೌಕಟ್ಟಿಗೆ ಸಿಕ್ಕಿಸಿದಳು. ಆ ಒಂದು ಕ್ಷಣಕ್ಕೆ ನಮ್ಮ ಸಂಸಾರ ಋಣಿಯಾಗಿದೆ.

ಮೆಷಿನ್ ಹೊರಟಿತು. ಬಂಗಾರದ ಬಣ್ಣದ ದಾರ. ಟಕಟಕಟಕ. ಮೂವರೂ ಬಗ್ಗಿ ನೋಡುತ್ತಿದ್ದೆವು.

"ಕತ್ತು ಬರ್ತಾ ಇದೆ," ಅಂದೆ.

"ಕತ್ತು ಹಂಗೆ ಇರಲ್ಲ," ಅಂದಳು ಚೈತ್ರ.

"ರೆಕ್ಕೆ ಇರ್ಬೇಕು."

"ಅದು 'ಸು' ಕಣ್ರೀ."

"ಸು?"

ಸು ಆಯಿತು, ರ ಆಯಿತು. ನಾವು ನೋಡುತ್ತಿದ್ದಂತೆಯೇ, ಒಂದೊಂದೇ ಅಕ್ಷರ ಬಂಗಾರದಲ್ಲಿ ಎದ್ದು ಬಂತು. ಎಂಟು ನಿಮಿಷಗಳ ನಂತರ ಮೆಷಿನ್ ನಿಂತು ಪೀಂ ಎಂದಿತು. ಬಟ್ಟೆಯ ಮೇಲೆ ಸ್ಪಷ್ಟವಾಗಿತ್ತು: 'ಸುರಕ್ಷತೆ ಮೊದಲು.' ಹೋದ ವರ್ಷ ಯಾವುದೋ ಕಾರ್ಖಾನೆಯವರ ಅಂಗಿ ಜೇಬಿಗೆ ಹಾಕಿಕೊಟ್ಟದ್ದು. ನನ್ನ ಲೆಕ್ಕದಲ್ಲಿ 'ಎನ್' ಇದ್ದ ಕಡೆ ಏನಿತ್ತೋ, ಅದು ನವಿಲಂತೂ ಆಗಿರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ವರಲಕ್ಷ್ಮಮ್ಮನವರ ದನಿ. ಒಂದು ಗಂಟೆಗೆ ಬರಬೇಕಾದವರು ಒಂಬತ್ತಕ್ಕೇ ಬಂದಿದ್ದರು. "ಬನ್ನಿ ಸೊಪ್ಪು ಕೊಟ್ಟು ಹೋಗಾಣ ಅಂತ ಬಂದೆ ಚೈತ್ರ. ಹಂಗೇ ತೋಳು ಎಲ್ಲಿಗೆ ಬಂತು ಅಂತ ನೋಡ್ಕೊಂಡು..." ಎನ್ನುತ್ತಾ ಒಳಗೆ ಬಂದವರು ಮೆಷಿನ್ನಿನ ಚೌಕಟ್ಟನ್ನು ನೋಡಿ ನಿಂತುಬಿಟ್ಟರು. ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು.

"ಇದೇನಮ್ಮ? ನಮ್ಮ ಹುಡುಗಿ ತೋಳಿಗೆ ಇದಾ?"

"ಅಯ್ಯೋ ಇಲ್ಲ ಆಂಟಿ..."

"ಬೀಗರು ಏನಂದ್ಕೊಂಡಾರು? ನಮ್ಮ ಅಳಿಯ ಆಗೋ ಹರಿಪ್ರಸಾದ್ ಬಾಳ ಒಳ್ಳೇ ಹುಡುಗ ಕಣಮ್ಮ, ಅಂಥಾದ್ದೇನಿಲ್ಲ!"

ಅಮ್ಮನೇ ಕೈ ಹಿಡಿದು ಅವರನ್ನು ಕೂರಿಸಿದಳು. "ಕೂತ್ಕಳಿ ವರಲಕ್ಷ್ಮಮ್ಮ, ಅದು ನಿಮ್ಮ ಮಗಳಿಗಲ್ಲ. ನಮ್ಮ ಮಗನ ಅಂಗಿಗೆ. ಅವನಿಗೆ ಬೇಕಾಗಿತ್ತು." ಕಾಫಿ, ಒಬ್ಬಟ್ಟು ಕೊಟ್ಟು, "ಒಂದು ಗಂಟೆಗೆ ತೋಳು ನಿಮ್ಮ ಕೈಲಿರ್ತದೆ," ಎಂದು ಮಾತು ಕೊಟ್ಟು ಕಳಿಸಿದಳು. ವರಲಕ್ಷ್ಮಮ್ಮ ಹೋಗುವಾಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿಕೊಂಡೇ ಹೋದರು.

"ಚೈತ್ರ," ಅಂದೆ ಮೆಲ್ಲಗೆ, "ಇನ್ನೊಂದು ಸಣ್ಣ ಸ್ಕ್ರಿಪ್ಟ್ ಬರೆದ್ರೆ..."

"ಕೈ ತೆಗೀರಿ ಅದರ ಮೇಲಿಂದ!"

ತೆಗೆದೆ.

ಅವಳು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಪೂಜೆಯ ಮಣೆಯ ಮೇಲಿದ್ದ ತನ್ನ ದಪ್ಪ ಹಳೆ ಪುಸ್ತಕವನ್ನು ತೆಗೆದುಕೊಂಡು, ಮೇಲಿನ ಚೆಂಡು ಹೂವನ್ನು ಕಣ್ಣಿಗೊತ್ತಿ ಪಕ್ಕಕ್ಕಿಟ್ಟಳು. ಆ ಪುಸ್ತಕ ಯಾವಾಗಲೂ ಮೆಷಿನ್ನಿನ ಪಕ್ಕದಲ್ಲೇ ಇರುತ್ತಿತ್ತು. ನಾನು ಅದನ್ನು ಒಂದು ದಿನವೂ ತೆರೆದಿರಲಿಲ್ಲ. ಈಗ ಅವಳ ಹೆಗಲ ಮೇಲಿನಿಂದ ನೋಡಿದೆ.

ಪ್ರತಿ ಪುಟದಲ್ಲೂ ಅಂಗೈಯಗಲದ ಬಟ್ಟೆಯ ತುಂಡು, ಅದರ ಮೇಲೆ ಮೊದಲ ಸಲ ಹೊಲಿದು ನೋಡಿದ ಡಿಸೈನು. ಪಕ್ಕದಲ್ಲಿ ದುಂಡು ಅಕ್ಷರದಲ್ಲಿ ಹೆಸರು, ದಾರದ ಬಣ್ಣಗಳ ಸರದಿ, ಎಷ್ಟು ಹೊಲಿಗೆ, ಯಾವ ಬಟ್ಟೆಗೆ ಯಾವ ಸೂಜಿ, ಎಲ್ಲಿ ದಾರ ಕಡಿಯುತ್ತದೆ. 'ಸಿಲ್ಕ್ ಮೇಲೆ ನಿಧಾನ.' 'ಇದಕ್ಕೆ ಕೆಳಗೆ ಪೇಪರ್ ಎರಡು.' 'ಬೇಡ ಅಂತಾರೆ, ಆಮೇಲೆ ಬರ್ತಾರೆ.' ಒಂದು ಡಿಸೈನನ್ನೂ ಬಿಟ್ಟಿರಲಿಲ್ಲ. ನನ್ನ ಇನ್ನೂರು ಪುಟಗಳಲ್ಲಿ ಎಂಬತ್ತು ಇನ್ನೂ ಖಾಲಿ. ಇವಳದು ಮೂರನೆಯ ಸಂಪುಟ! ಮೊದಲೆರಡು ಅಲಮಾರಿನ ಮೇಲಿವೆಯಂತೆ. ನಾನು ಅವುಗಳ ಮೇಲೆ ಹೆಲ್ಮೆಟ್ ಇಡುತ್ತಿದ್ದೆ.

"ನವಿಲು ಯಾವ ಪುಟ?" ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ನವಿಲು ಅಂತ ಯಾಕೆ ಹೆಸರಿಡ್ಲಿ? ನನ್ನ ಹತ್ರ ನೂರಾ ಹತ್ತು ನವಿಲಿದೆ." ಕೊನೆಯ ಪುಟಕ್ಕೆ ಬಂದಳು. "ಎಡಗೈದು 'ನೋಡ್ತಾನೆ'. ಬಲಗೈದು 'ನೋಡ್ತಾಳೆ'. ಇಗೋ. ಇಪ್ಪತ್ತೊಂದು ಸಾವಿರದ ಮುನ್ನೂರ ಎಂಬತ್ತಾರು ಹೊಲಿಗೆ."

"ಹೊಲಿಗೆ ಗೊತ್ತಾದ್ರೆ ಏನು ಬಂತು?"

"ಹೊಲಿಗೆ ಜಾಸ್ತಿ ಇದ್ರೆ ಫೈಲ್ ದಪ್ಪ ಇರುತ್ತೆ ಕಣ್ರೀ. ಇಪ್ಪತ್ತೊಂದು ಸಾವಿರದ್ದು ಯಾವಾಗ್ಲೂ ಅರವತ್ಮೂರು, ಅರವತ್ನಾಕು ಕೆ.ಬಿ. ಬರುತ್ತೆ." ಫೋಲ್ಡರಿನ ನೆತ್ತಿಯಲ್ಲಿ 'ಸೈಜ್' ಎಂದಿದ್ದ ಕಡೆ ಒಮ್ಮೆ ಒತ್ತಿದಳು. ಸಾವಿರದ ನೂರ ನಲವತ್ತಾರು ಫೈಲುಗಳು ಸಣ್ಣದರಿಂದ ದೊಡ್ಡದರವರೆಗೆ ಮೌನವಾಗಿ ಸಾಲು ನಿಂತವು. ಸ್ಕ್ರಿಪ್ಟ್ ಇಲ್ಲ, ಕಪ್ಪು ಕಿಟಕಿ ಇಲ್ಲ, ನಮಸ್ಕಾರ ಇಲ್ಲ. ಅರವತ್ನಾಕು ಕೆ.ಬಿ. ಇದ್ದದ್ದು ಎಂಟೇ ಎಂಟು.

ಮೊದಲನೆಯದನ್ನು ತೆರೆದಳು: ಒಂದು ಕಲಶ. ಎರಡನೆಯದು: ಆನೆಗಳ ಸಾಲು. "ಇದು ಅನಸೂಯ ನಾದಿನಿ ಕತ್ತು," ಅಂದಳು ಮೂರನೆಯದಕ್ಕೆ, ಹಳೆ ಗೆಳತಿ ಸಿಕ್ಕ ಹಾಗೆ. ನಾಲ್ಕನೆಯದು ತೆರೆಯುತ್ತಿದ್ದಂತೆ ಪರದೆಯ ಮೇಲೆ, ಕತ್ತು ಓರೆ ಮಾಡಿ, ಎಡಕ್ಕೆ ಯಾರನ್ನೋ ನೋಡುತ್ತಾ ನಿಂತಿತ್ತು ಒಂದು ಹೆಣ್ಣು ನವಿಲು.

ಅಮ್ಮ ದೃಷ್ಟಿ ತೆಗೆದಳು. ನಾನು ಗಡಿಯಾರ ನೋಡಿದೆ. ಹನ್ನೊಂದು ನಿಮಿಷ! ಕಪ್ಪು ಪರದೆಗೆ ಕೈ ಮುಗಿದಿದ್ದ ಈ ಕೈಗಳು ಈಗ ಎಲ್ಲಿ ಮುಗಿಯಬೇಕೆಂದು ತಿಳಿಯದೆ ಜೇಬು ಸೇರಿದವು. ಇಡೀ ಹೋಬಳಿ ನನ್ನ ಓದನ್ನು ನೋಡಿ ಬೆರಗಾಗಿತ್ತು. ನಾನು ಮಾತ್ರ ಈ ಓದನ್ನು ನೋಡದೆ ಐದು ವರ್ಷ ಅದರ ಮೇಲೆ ಹೆಲ್ಮೆಟ್ ಇಟ್ಟಿದ್ದೆ.

ಹನ್ನೆರಡೂವರೆಗೆ ಬಲ ತೋಳು ಮುಗಿಯಿತು. ಎರಡು ತೋಳುಗಳನ್ನು ಚೈತ್ರ ಮೇಜಿನ ಮೇಲೆ ಎದುರುಬದುರಾಗಿ ಇಟ್ಟಳು. ಅವನು ನೋಡಿದ, ಅವಳು ನೋಡಿದಳು. ಒಂದು ಗಂಟೆಗೆ ಬಂದ ವರಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತೋಳುಗಳನ್ನು ಒಯ್ದರು. ನನ್ನ ಕಡೆ ತಿರುಗಿ, "ಹುಷಾರಾಗಿರಪ್ಪ," ಎಂದು ಮಾತ್ರ ಹೇಳಿದರು.

ಅವರು ಹೋದ ಮೇಲೆ ಅಮ್ಮ ಮಣೆ ಹಾಕಿದಳು. "ಇವತ್ತು ವಿಜಯದಶಮಿ. ಅಕ್ಷರ ಕಲಿಯೋಕೆ ಒಳ್ಳೇ ದಿನ. ಕೂತ್ಕ ಬಾ ಮಗ, ಅವಳ ಪಕ್ಕದಲ್ಲಿ."

ಕೂತೆ. ಆನ್ ಆದಾಗಲೆಲ್ಲ ಓಡುವ ಆ ಸ್ಕ್ರಿಪ್ಟನ್ನು ಮೊದಲು ಕಿತ್ತು ಹಾಕಿದೆ. ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಕಾಪಿ ತೆಗೆದೆ. ಆಮೇಲೆ ಶುರುವಾಯಿತು ನೋಡಿ, ಹೆಸರು ಕೂಡಿಸುವ ಕೆಲಸ! ಚೈತ್ರ ಮೆಷಿನ್ನಿನಲ್ಲಿ ತನ್ನ ಕೆಲಸ ಮಾಡುತ್ತಾ ಕೂತಿರುತ್ತಾಳೆ. ನಾನು ಒಂದು ಫೈಲು ತೆರೆಯುವುದು, ಹೊಲಿಗೆ ಎಷ್ಟೆಂದು ನೋಡುವುದು, ಮೂರು ಸಂಪುಟಗಳಲ್ಲಿ ಅದೇ ಸಂಖ್ಯೆ ಹುಡುಕುವುದು, ಬಟ್ಟೆಯ ತುಂಡಿನ ಜೊತೆ ಹೋಲಿಸುವುದು, ಹೆಸರನ್ನು ಕೈಯಿಂದ ಟೈಪ್ ಮಾಡುವುದು. 'ಇದೇ ಸರಿ' ಟೈಪ್ ಮಾಡಿದೆ. 'ಇದೇ ಸರಿ 2' ಟೈಪ್ ಮಾಡಿದೆ. ಹನುಮಂತರಾಯಪ್ಪನ ಸೊಸೆಯ ಬೆನ್ನನ್ನು ಸಕಲ ಮರ್ಯಾದೆಗಳೊಂದಿಗೆ ಅದರ ಸ್ಥಾನಕ್ಕೆ ಮರಳಿಸಿದೆ. ಎರಡು ಸೆಕೆಂಡಿನಲ್ಲಿ ಹೋದದ್ದು ವಾಪಸ್ ಬರಲು, ದಿನಾ ಕಾರ್ಖಾನೆಯಿಂದ ಬಂದು ಕಾಫಿ ಕುಡಿದು ಕೂತರೂ, ಇಪ್ಪತ್ತಮೂರು ದಿನ ಬೇಕಾಯಿತು.

ಕೊನೆಗೆ ಒಂದೇ ಒಂದು ಫೈಲು ಉಳಿಯಿತು. ಬರೀ ಒಂಬೈನೂರು ಹೊಲಿಗೆಯದು. ಅದು ಮೊದಲನೆಯ ಸಂಪುಟದ ಮೊದಲನೆಯ ಪುಟದಲ್ಲಿ ಸಿಕ್ಕಿತು. ಮಾಸಿದ ಬಿಳಿ ಬಟ್ಟೆ, ಅದರ ಮೇಲೆ ಕೆಂಪು ದಾರದಲ್ಲಿ ಸೊಟ್ಟಗೆ, ಬಟ್ಟೆಯೆಲ್ಲ ಸುಕ್ಕಾಗುವಂತೆ ಹೊಲಿದ ನಾಲ್ಕು ಅಕ್ಷರ: 'ಕೆಂಪರಾಜ್'. ಮೆಷಿನ್ ಮನೆಗೆ ಬಂದ ದಿನ ಅವಳು ಮೊಟ್ಟಮೊದಲು ಹೊಲಿದದ್ದು ನನ್ನ ಹೆಸರು!

"ಚೈತ್ರ, ಇದಕ್ಕೆ ಹೆಸರು ಕೆಂಪರಾಜ್ ಅಂತಾನೇ ಇತ್ತಾ?"

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಪಕ್ಕದಲ್ಲೇ ಬರೆದಿದ್ದೀನಿ ನೋಡಿ. ಅಲ್ಲಿರೋದನ್ನೇ ಹಾಕಿ, ನಿಮ್ಮ ಬುದ್ಧಿ ಸೇರಿಸ್ಬೇಡಿ."

ಪಕ್ಕದಲ್ಲಿ ದುಂಡು ಅಕ್ಷರದಲ್ಲಿ ಬರೆದಿತ್ತು. ಬಿ.ಸಿ.ಎ. ಪದವೀಧರನಾದ ನಾನು, ಗೋಡೆಯ ಮೇಲಿನ ಗೌನಿನ ಫೋಟೋ ನೋಡುತ್ತಿರುವಂತೆಯೇ, ಒಂದೊಂದೇ ಅಕ್ಷರ ಒತ್ತಿ ಅದನ್ನು ಟೈಪ್ ಮಾಡಿದೆ:

'ಕೆಟ್ಟಿದೆ. ಬಿಸಾಕಲ್ಲ.'